ನೀರುನಾಯಿ ಬಾಬ್ತು

ಏಳನೇ ಇಯತ್ತೆ ಪಾಸಾದ ತಪ್ಪಿಗೆ
ಕುರ್ವೆಯ ಲೆಕ್ಕದ ವಹಿ ನನ್ನ ಮಡಿಲಿಗೆ ಬಿತ್ತು.
ಉದ್ದನೆಯ ವಹಿ, ಕೆಂಪು ಬೈಂಡು,
ಕುಮಟೆ ಪೇಟೆಯಲ್ಲಿ ನೂರಾ ಹತ್ತು ರೂಪಾಯಿ.
ಮೊದಲ ಖರ್ಚು ಅದೇ.

ಪ್ರಾಜೆಕ್ಟಿನವರು ಮೂರು ವರ್ಷ ಇದ್ದರು.
ದುರ್ಬೀನು ತಂದರು, ಟೋಪಿ ಹಂಚಿದರು,
ಕಾಂಡ್ಲಾ ನೆಡುವಾಗ ನಮ್ಮ ಜೊತೆಗೇ
ಮೊಣಕಾಲ ತನಕ ಕೆಸರಲ್ಲಿ ಹುಗಿದು ನಗಾಡಿದರು.
ಒಳ್ಳೆಯವರೇ, ಸುಳ್ಳು ಹೇಳಬಾರದು.
ದುಡ್ಡು ಮುಗಿದ ಮೇಲೆ ದಕ್ಕೆಯ ಹತ್ತಿರ ಬೋರ್ಡೊಂದು ಉಳಿಯಿತು.
ಈಗ ಅದರಲ್ಲಿ ‘ರಕ್ಷಿತ’ ಅಷ್ಟೇ ಓದಲು ಬರುತ್ತದೆ,
ಉಳಿದದ್ದನ್ನು ಉಪ್ಪುಗಾಳಿ ತಿಂದಿದೆ.

ಅವರು ಹೋದ ಸಂಜೆ ಜಟ್ಟಿ ಮುಕ್ರಿ ಕೇಳಿದ್ದು ಒಂದೇ ಮಾತು:
‘ಇನ್ನು ಕಾಯುವವನಿಗೆ ಗಂಜಿ ಯಾರು ಹಾಕುದು?’

ಯಾರೂ ಮಾತಾಡಲಿಲ್ಲ.
ಗಜನಿಕಟ್ಟೆಯ ಹಲಗೆಗಂಡಿಯಲ್ಲಿ
ಇಳಿತದ ನೀರು ಗೊಳಗೊಳ ಹೊರಟಿತ್ತು.
ಅದನ್ನೇ ಕೇಳುತ್ತ ಕೂತಿದ್ದ ಕುಪ್ಪು ಹರಿಕಂತ್ರ
ಬೀಡಿ ತೆಗೆದು ಹೇಳಿದ:
‘ಗಂಡಿಯೇ ಹಾಕಲಿ.’

ಹಾಗೆ ಆಯಿತು ಠರಾವು.
ಅಮಾವಾಸ್ಯೆಯ ಎರಡು ರಾತ್ರಿ
ಗಂಡಿಬಲೆಗೆ ಬಿದ್ದ ಶೆಟ್ಲಿ, ನೊಗ್ಲಿ, ಕಾಗಳಸಿ ಊರ ನಿಧಿಗೆ.
ಕಗ್ಗದ ಅಕ್ಕಿ ಮಾರಿದರೆ ಮೂಟೆಗೆ ಹತ್ತು ರೂಪಾಯಿ.
ಪಡುವಣ ದಿಬ್ಬದಲ್ಲಿ ಬೆಳಚು ಆಯಬಾರದು
ಮರಿ ಬಲಿಯುವ ತನಕ;
ಆಯ್ದರೆ ದಂಡ ಇನ್ನೂರು.
ಮೊದಲ ದಂಡ ಕಟ್ಟಿದವಳು ನನ್ನ ಅತ್ತೆ.
ರಸೀದಿ ಹರಿದು ಕೊಟ್ಟವಳು ನಾನು.
ಮೂರು ದಿನ ನನ್ನ ತಟ್ಟೆಯ ಸಾರಿಗೆ ಉಪ್ಪಿರಲಿಲ್ಲ.

ನಾಲ್ಕನೇ ವರ್ಷ ಬಂದವು ಅವು.
ಮೊದಲು ಬರೀ ಸಿಳ್ಳು, ಕಾಂಡ್ಲಾದ ಕತ್ತಲೊಳಗೆ.
ಆಮೇಲೆ ಕಟ್ಟೆಯ ಕಲ್ಲಿನ ಮೇಲೆ
ಏಡಿಚಿಪ್ಪು ತುಂಬಿದ ಹಿಕ್ಕೆ.
ಒಂದು ಬೆಳಗ್ಗೆ ಐದು ತಲೆ, ಸಾಲಾಗಿ,
ಹೊಳೆ ತನ್ನದೇ ಎನ್ನುವ ಹಾಗೆ ದಾಟುತ್ತ.
ಮಕ್ಕಳು ಕೂಗಿದರು. ಜಟ್ಟಿ ಕಣ್ಣೊರೆಸಿಕೊಂಡ,
ಧೂಳು ಬಿತ್ತೆಂದ. ಕುರ್ವೆಯಲ್ಲಿ ಎಲ್ಲಿಯ ಧೂಳು!

ಎಂಟನೇ ದಿನ ದುರ್ಗಿ ಅಂಬಿಗ ಸಭೆಗೆ ಬಂದಳು.
ಹರಿದ ಬಲೆಯನ್ನು, ನೀರಿಳಿಯುತ್ತಿದ್ದ ಹಾಗೆಯೇ,
ಚಾಪೆಯ ನಡುವೆ ಎತ್ತಿ ಹಾಕಿದಳು.
‘ನಿಮ್ಮ ಚಂದದ ಪ್ರಾಣಿಗೆ
ನಾ ಎಂತಕ್ಕೆ ಆರತಿ ಎತ್ತಲಿ?
ಅದಕ್ಕೂ ಒಂದು ಪಾಲಿದೆ ಅಂತಾದರೆ
ಅದೂ ಬಂದು ಕೂರಲಿ ಇಲ್ಲಿ. ವರ್ಗಣಿ ಕೊಡಲಿ.’

ನಗಬೇಕೆನಿಸಿತು, ಯಾರೂ ನಗಲಿಲ್ಲ.
ಅವಳು ಹೇಳಿದ್ದು ಸರಿಯಿತ್ತು.
ಬಲೆಗೆ ಎಂಟುನೂರ ಐವತ್ತು, ಮೀನಿಗೆ ಮುನ್ನೂರು
ನಿಧಿಯಿಂದ ಕೊಡುವುದೆಂದಾಯಿತು.
ಬರೆಯುವುದು ಎಲ್ಲಿ? ಕಾವಲಿನ ಕೂಲಿಯಲ್ಲ,
ದೋಣಿ ರಿಪೇರಿಯಲ್ಲ, ಚಹಾ-ಅವಲಕ್ಕಿಯೂ ಅಲ್ಲ.
ಹೊಸ ಪುಟ ತಿರುಗಿಸಿ, ಗೆರೆ ಎಳೆದು
ಮೇಲೆ ಬರೆದೆ: ನೀರುನಾಯಿ ಬಾಬ್ತು.

ದುರ್ಗಿ ಈಗಲೂ ಬೈಯುತ್ತಾಳೆ ಅವಕ್ಕೆ,
ಅಪ್ಪ-ಅಮ್ಮ ಒಂದನ್ನೂ ಬಿಡದೆ.
ಹೊರಗಿನವನೊಬ್ಬ ಉರುಳು ಹಾಕಲು ಬಂದಾಗ
ಹುಟ್ಟು ಎತ್ತಿಕೊಂಡು ಓಡಿಸಿದವಳೂ ಅವಳೇ.
ಬೈಯುವ ಹಕ್ಕು ಊರಿನದಂತೆ.

ಮಾರ್ಚಿನಲ್ಲಿ ತಪಾಸಣೆಯವರು ಬಂದರು.
ಪುಟ ಮಗುಚಿ, ಕನ್ನಡಕ ಏರಿಸಿ,
‘ಇದಕ್ಕೆ ಆಧಾರ?’
ದುರ್ಗಿಯ ಹೆಬ್ಬೆಟ್ಟು ತೋರಿಸಿದೆ.
‘ಇದು ಪಡೆದವರದ್ದು. ಹರಿದವರದ್ದು?’

ದೋಣಿ ಹತ್ತಿಸಿ ಕಟ್ಟೆಗೆ ಕರೆದೊಯ್ದೆವು.
ಇಳಿತದ ಹೊತ್ತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.
ಮೆತ್ತನೆ ರಾಡಿಯಲ್ಲಿ ಐದು ಬೆರಳು,
ಬೆರಳ ನಡುವಿನ ಚರ್ಮದ ತೆಳು ಗುರುತು ಕೂಡ,
ಪಕ್ಕದಲ್ಲಿ ಸಣ್ಣವು, ಅವಸರದವು, ಎರಡು ಜೊತೆ.
ತುಂಬಾ ಹೊತ್ತು ಬಗ್ಗಿ ನೋಡಿದರು.
ನೋಡುತ್ತಿದ್ದಂತೆ ಭರತ ತಿರುಗಿತು,
ಒಂದೊಂದೇ ಬೆರಳಿಗೆ ನೀರು ತುಂಬಿ
ಸಹಿ ಅಳಿಯಿತು.

ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು: ‘ಕಂಡಿದೆ.’
ಪೆನ್ನಿನಲ್ಲಿ ಬರೆಯಿರಿ ಎಂದು ನಾನು ಹೇಳಲಿಲ್ಲ.

ಈ ಸಲದ ಉಳಿಕೆ ನಲವತ್ತೇಳು ರೂಪಾಯಿ.
ಜಟ್ಟಿಯ ಬ್ಯಾಟರಿಗೆ ಸೆಲ್ಲು ಬೇಕು, ಸಾಲದು.
ನಾಡಿದ್ದು ಅಮಾವಾಸ್ಯೆ.