ಅಂಚಿನಲ್ಲಿ ಬರೆದದ್ದು

ಲಿವರ್‌ಪೂಲಿನ ಬಡ ಓಣಿಗಳಿಗೆ
ಮೊದಲು ಬಂದವರು ಪುಣ್ಯದ ಲೆಕ್ಕದವರು.
ಕೈಗವಸು ತೆಗೆಯದೆ ಕದ ತಟ್ಟಿ,
ಕೂರದೆ ಕಷ್ಟ ಕೇಳಿ,
ಒಲೆಯ ಬೂದಿ ಕೆದಕಿ,
ಅರ್ಹರು ಇತ್ತ, ಅನರ್ಹರು ಅತ್ತ,
ಅಕ್ಕಿ ಆರಿಸಿದ ಹಾಗೆ ಮನುಷ್ಯರನ್ನು ಆರಿಸಿದವರು.
ಕಲ್ಲು ಯಾವುದು, ಕಾಳು ಯಾವುದು
ಮೊರಕ್ಕೇ ಗೊತ್ತು ಎಂಬ ಧಿಮಾಕು.

ಆಮೇಲೆ ಯಾರಿಗೋ ಅನ್ನಿಸಿತು,
ದಯೆಗೂ ಒಂದು ಪಾಠ ಬೇಕು.
ಕೆಂಪಿಟ್ಟಿಗೆಯ ವಿಶ್ವವಿದ್ಯಾಲಯ
ಒಂದು ಕೋಣೆ ಕೊಟ್ಟಿತು, ಕೈಗಡ ಕೊಟ್ಟಂತೆ.
ಮೇಲೆ ಅಂಗರಚನೆ, ಕೆಳಗೆ ಗ್ರೀಕ್,
ನಡುವೆ ಹನ್ನೊಂದು ಹೆಂಗಸರು, ಇಬ್ಬರು ಗಂಡಸರು,
ಸೋರುವ ಒಂದು ಹಬೆಕೊಳವೆ.
ಊಟದ ಮೇಜಿನಲ್ಲಿ ಗಣಿತದವರು ನಕ್ಕರಂತೆ:
"ಕದ ತಟ್ಟುವುದೂ ಶಾಸ್ತ್ರವೇ?
ಎಷ್ಟು ಸಲ ತಟ್ಟಿದರೆ ಎಷ್ಟು ಅಂಕ?"

ಹೆಸ್ಟರ್ ಪಾಮ್‌ಫ್ರಿ, ದಾರದ ವ್ಯಾಪಾರಿಯ ಮೂರನೆಯ ಮಗಳು.
ಸಾವಿರದ ಒಂಬೈನೂರ ಏಳು, ನವೆಂಬರ್.
ಬೆಳಿಗ್ಗೆ ಅರ್ಥಶಾಸ್ತ್ರ: ಕೂಲಿ, ಬಾಡಿಗೆ, ಬೇಡಿಕೆಯ ವಕ್ರರೇಖೆ.
ಮಧ್ಯಾಹ್ನ ಟ್ರಾಮು ಇಳಿದರೆ
ಹದಿನಾರು ಮನೆಗೆ ಒಂದೇ ನಲ್ಲಿಯ ವಠಾರ.
ಕೈಯಲ್ಲಿ ಪಟ್ಟಿ:
ಕುಡಿತ ಉಂಟೆ? ಚರ್ಚಿಗೆ ಹೋಗುವರೆ? ನೆಲ ಗುಡಿಸಿದೆಯೆ?

ಬಾಗಿಲು ತೆಗೆದವಳು ಬ್ರೈಡಿ ಮಗ್ಲಿನ್,
ಮೊಣಕೈವರೆಗೆ ಸೋಪಿನ ನೊರೆ.
"ನಿಂತು ಕೇಳುತ್ತೀಯೋ, ಕೂತು ಕೇಳುತ್ತೀಯೋ?
ನಿಂತವರಿಗೆ ನಾನೂ ನಿಂತೇ ಸುಳ್ಳು ಹೇಳುತ್ತೇನೆ.
ನಿಜಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ."

ಹೆಸ್ಟರ್ ಕೂತಳು,
ಯಾರದೋ ಮನೆಯ ಒಗೆಯುವ ಬಟ್ಟೆಗಂಟಿನ ಮೇಲೆ.
ಗಂಡ ಹಡಗುಕಟ್ಟೆಯಲ್ಲಿ ಅರ್ಧ ದಿನದ ಆಳು.
ಬೆಳಗಿನ ಗುಂಪಿನಲ್ಲಿ ಮೇಸ್ತ್ರಿಯ ಬೆರಳು
ಯಾರತ್ತ ತಿರುಗೀತೋ
ಅಂದಿನ ಒಲೆ ಅವರದು.
ವಕ್ರರೇಖೆ ಬಂದು ಮುಟ್ಟುವುದು ಆ ಬೆರಳಿಗೆ ಎಂದು
ಬೆಳಿಗ್ಗೆ ಯಾರೂ ಹೇಳಿರಲಿಲ್ಲ.

ಮೂಲೆಯಲ್ಲಿ ಒಬ್ಬ ಹುಡುಗ. ಶಾಲೆಗೆ ಹೋಗಿಲ್ಲ.
ಪಟ್ಟಿಯಲ್ಲಿ ಅದಕ್ಕೊಂದು ಕಲಮು: ಸೋಮಾರಿತನ.
"ಒಂದೇ ಜೊತೆ ಬೂಟು," ಅಂದಳು ಬ್ರೈಡಿ,
"ಇವತ್ತು ಅಣ್ಣನ ಸರದಿ."
ಬೂಟಿಗೆ ಪಟ್ಟಿಯಲ್ಲಿ ಜಾಗವಿರಲಿಲ್ಲ.
ಹೆಸ್ಟರ್ ಅಂಚಿನಲ್ಲಿ, ಅಡ್ಡಡ್ಡ, ಪೆನ್ಸಿಲಿನಲ್ಲಿ ಬರೆದಳು:
ಬೂಟು. ಅಳತೆ ಹನ್ನೊಂದು. ಎಡಗಾಲು ಕೊಂಚ ದೊಡ್ಡದು.

ಪರೀಕ್ಷಕರು ಎರಡು ಅಂಕ ಕಳೆದರು.
ಅಂಚಿನಲ್ಲಿ ಬರೆಯಬಾರದು.

ಆಮೇಲಿನದು ಚರಿತ್ರೆ,
ಅಂದರೆ ಬಹುಪಾಲು ಸಮಿತಿ ಸಭೆ.
ಸರ್ಟಿಫಿಕೇಟು ಡಿಪ್ಲೊಮಾ ಆಯಿತು, ಡಿಪ್ಲೊಮಾ ಪದವಿ.
ಓಣಿಗೆ ಬಾಂಬು ಬಿತ್ತು.
ವಿಯೆನ್ನಾದಿಂದ ಮನಸ್ಸು ಬಂತು,
ತಾಯಂದಿರೆಲ್ಲ ತಪ್ಪಿತಸ್ಥರಾದರು.
ಎಪ್ಪತ್ತರಲ್ಲಿ ಗಡ್ಡದ ಮೇಷ್ಟರು ಬಂದು
ತಪ್ಪೆಲ್ಲ ಬಂಡವಾಳದ್ದು ಅಂದರು.
ಬ್ರೈಡಿಯ ಮೊಮ್ಮಗಳು ಎರಡನ್ನೂ ಕೇಳಿ
ಕೆಟಲು ಇಳಿಸಲು ಎದ್ದಳಂತೆ.
ವಿಭಾಗಕ್ಕೆ ಮೂರು ಸಲ ನಾಮಕರಣ.
ಕೊಳವೆ ಈಗಲೂ ಸೋರುತ್ತದೆ.

ನಾನು ಅಲ್ಲಿ ಪಾಠ ಹೇಳುವವಳು, ಹಾವೇರಿಯವಳು.
ಮೊದಲ ತರಗತಿಗೆ ಅಜ್ಜಿಯ ಮಾತು ಒಯ್ದಿದ್ದೆ:
ಎಲ್ಲರ ಮನೆ ದೋಸೆಯೂ ತೂತೇ.
ಇಂಗ್ಲಿಷಿಗೆ ದಾಟಿಸುವಾಗ
ದೋಸೆ ಹೋಗಿ ತೂತು ಮಾತ್ರ ಉಳಿಯಿತು.
ಮಕ್ಕಳು ಅದನ್ನೇ ಬರೆದುಕೊಂಡರು.

ನಿನ್ನೆ ಫರ್ಹಿಯಾ, ಎರಡನೆಯ ವರ್ಷದವಳು,
ಮನೆಭೇಟಿ ಮುಗಿಸಿ ಟ್ಯಾಬ್ಲೆಟ್ ಹಿಡಿದು ಬಂದಳು.
ಅಪಾಯ: ಒಂದರಿಂದ ಐದು, ಒಂದನ್ನು ಒತ್ತಿ.
ಒತ್ತದಿದ್ದರೆ ಮುಂದಿನ ಪುಟವಿಲ್ಲ.
"ಮೇಡಂ, ಇದಕ್ಕೆ ಅಂಚೇ ಇಲ್ಲ. ಎಲ್ಲಿ ಬರೆಯಲಿ?"
"ಏನನ್ನು?"
ಎಡಗೈ ಬಿಚ್ಚಿದಳು.
ಅಂಗೈಯಲ್ಲಿ ನೀಲಿ ಬಾಲ್‌ಪೆನ್ನು,
ಮಳೆಗೋ ಬೆವರಿಗೋ ಅರ್ಧ ಅಳಿಸಿದ ಒಂದು ಹೆಸರು,
ಪಕ್ಕದಲ್ಲಿ ಒಂದು ಅಂಕಿ.

"ನಿಂತಿದ್ದೆಯಾ, ಕೂತಿದ್ದೆಯಾ?" ಅಂದೆ.
"ಕುರ್ಚಿ ಇರಲಿಲ್ಲ," ಅಂದಳು,
"ನೆಲದ ಮೇಲೆ."