ನೇರಳೆ ಬಣ್ಣದ ಪಿನ್ನು

"ಮದರ್ ಹೋಗೈತಕ್ಕಾ" ಅಂದ ಜಬೀವುಲ್ಲಾ.
ಕೈಯೆಲ್ಲ ರೊಟ್ಟಿ ಹಿಟ್ಟು, ಫೋನು ಸ್ಪೀಕರಿನಲ್ಲಿತ್ತು.
ಗೋಡೆಯಾಚೆ ಕೇಳಿಸಿಕೊಂಡ ಹಾಲಮ್ಮ
ಸೆರಗು ಬಾಯಿಗಿಟ್ಟು ಓಡಿಬಂದಳು:
"ಯಾವಾಗವ್ವಾ? ಮೊನ್ನೆ ಬಂದಾಗ ಚೆನ್ನಾಗಿದ್ಲಲ್ಲ!"

ನಗಬಾರದಿತ್ತು, ನಕ್ಕುಬಿಟ್ಟೆ.
ಅವ್ವ ಹರಿಹರದಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ,
ಹೋದದ್ದು ಇದು ಅಂತ
ಮೇಜಿನಡಿಯ ಧೂಳಿನ ಚೌಕ ತೋರಿಸಿದೆ.
"ಅಯ್ಯ, ಕಂಪ್ಯೂಟ್ರಾ" ಅಂದಳು,
ಬಂದ ಅಳುವನ್ನು ಎಲ್ಲಿಡುವುದೋ ತಿಳಿಯದೆ
ನನ್ನ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು.

ಹನ್ನೆರಡು ವರ್ಷ.
ನಿಟ್ಟುವಳ್ಳಿಯ ಅರ್ಧ ಮದುವೆ ಅದರೊಳಗಿಂದ ಹಾದಿದೆ,
ಬಾಡಿಗೆ ಕರಾರು, ಏಳನೇ ಕ್ಲಾಸಿನ ಪ್ರಶ್ನೆಪತ್ರಿಕೆ,
"ನಮ್ಮ ಮನೆಯ ಹಸೆಮಣೆಗೆ ತಾವು ಬರಲೇಬೇಕು" ಅನ್ನುವ
ಒಂದೇ ಸಾಲು ಸಾವಿರ ಸಲ.

ಮಂಡಿಪೇಟೆ, ಮೆಟ್ಟಿಲ ಕೆಳಗಿನ ಅಂಗಡಿ.
ಟಾರ್ಚು ಹಿಡಿದು ತೋರಿಸಿದ: ಮೂರು ಕೆಪಾಸಿಟರು
ತಲೆಯುಬ್ಬಿ ಕೂತಿವೆ,
ಭಟ್ಟಿಯ ಮರಳಲ್ಲಿ ಅರಳಿದ ಮಂಡಕ್ಕಿ ಥರ.
"ಈ ಬಿಸಿಲಿಗೆ ನಾವೇ ಉಬ್ತೀವಿ, ಇವು ಪಾಪ."

ಹೊಸ ಚೀನಾ ಬೋರ್ಡು, ಎರಡು ಸಾವಿರದ ನಾನ್ನೂರು.
ಹಳೆ ಪ್ರೊಸೆಸರು ಕೂರುತ್ತೆ, ಹಳೆ ರ‍್ಯಾಮೂ ಕೂರುತ್ತೆ,
ಎಷ್ಟು ದಿನ ಅಂತ ಮಾತ್ರ ಕೇಳಬಾರದು.
ಇಲ್ಲವೇ ಬೋರ್ಡು, ಪ್ರೊಸೆಸರು, ರ‍್ಯಾಮು ಎಲ್ಲ ಹೊಸತು:
ಹದಿನಾರು ಸಾವಿರ. ಸೃಜನ ನನ್ನ ಮೊಣಕೈ ಚಿವುಟಿದಳು,
ಅದರಲ್ಲಿ ಅವಳ ಗೇಮು ಓಡುತ್ತದಂತೆ.
ನನ್ನ ಹಳೇ ವಿಂಡೋಸು ಓಡುವುದಿಲ್ಲವಂತೆ.

ನಾನು ಬೆಲೆ ಬಿಟ್ಟು ಬೋರ್ಡು ತಿರುವಿದೆ,
ಸೀರೆ ಅಂಗಡಿಯಲ್ಲಿ ಸೆರಗಿನ ಹಿಂಬದಿ ನೋಡುವ ಹಾಗೆ.
ಚಪ್ಪಟೆ ಬಾಯಿಗಳ ಸಾಲು. ಎರಡರಲ್ಲೂ ಇಲ್ಲ
ನೇರಳೆ ಬಣ್ಣದ ದುಂಡನೆಯ ತೂತು.
ಅದಿಲ್ಲದೆ ನನ್ನ ಕೀಬೋರ್ಡು ಎಲ್ಲಿಗೆ ಹೋದೀತು?
ಅ ಅಳಿಸಿದೆ, ಕ ಅಳಿಸಿದೆ,
ಮ ಇದ್ದ ಕಡೆ ಉಗುರಿನ ಗೀರು. ಬೆರಳಿಗೆ ಗೊತ್ತು, ಸಾಕು.

"ನೂರು ರೂಪಾಯಿಗೆ ಕನ್ವರ್ಟರ್ ಸಿಗುತ್ತೆ."
ಬೇಡಪ್ಪ. ಒಮ್ಮೆ ಹಾಕಿದ್ದೆ, ಒತ್ತಕ್ಷರ ನುಂಗಿತು.
ಮದುಮಗ ಕೊಟ್ರಪ್ಪ ಕೊಟ್ರಪಪ ಆಗಿ
ಮುನ್ನೂರು ಕಾರ್ಡು ನನ್ನ ಕಾಸಿನಲ್ಲಿ ಮರುಮುದ್ರಣ.

ಜಬೀವುಲ್ಲಾ ನನ್ನನ್ನೊಮ್ಮೆ ನೋಡಿ, ಬೆಂಚಿನಡಿ ಬಗ್ಗಿ
ಗೋಣಿಚೀಲ ಎಳೆದ. ಕೈಯಾಡಿಸಿ ಆಡಿಸಿ
ಒಂದನ್ನು ಮೇಲೆತ್ತಿದ, ಕೆರೆಯಿಂದ ಮೀನು ತೆಗೆದಂತೆ.
ಯಾವುದೋ ಸೊಸೈಟಿಯ ಹರಾಜಿನದು. ಅಂಚಿನಲ್ಲಿ
ಇನ್ನೂ ಅಂಟಿಕೊಂಡ ಚೀಟಿ: ಕೌಂಟರ್ ನಾಲ್ಕು.
ಸಾವಿರದ ಐನೂರು, ಹದಿನೈದು ದಿನದ ಗ್ಯಾರಂಟಿ.
ಹಿಂದೆ, ಮೂಲೆಯಲ್ಲಿ, ಧೂಳು ತುಂಬಿದ ನೇರಳೆ.

ಸೃಜನ ದಾರಿಯುದ್ದಕ್ಕೂ ಮಾತಾಡಲಿಲ್ಲ.
ರೈಲ್ವೆ ಗೇಟು ಬಿದ್ದಿತ್ತು. ಆಟೋದಲ್ಲಿ
ಡಬ್ಬಿ ನನ್ನ ತೊಡೆಯ ಮೇಲೆ, ಗೂಡ್ಸು ಗಾಡಿ
ಎಣಿಸಿದಷ್ಟೂ ಮುಗಿಯದೆ.
ಕೌಂಟರ್ ನಾಲ್ಕರ ಎದುರು ಎಷ್ಟು ಜನ ನಿಂತಿದ್ದರೋ,
ಸಾಲದ ಕಂತು, ಗೊಬ್ಬರದ ಚೀಟಿ, ಎಷ್ಟು ಬೈಗುಳ
ಈ ಹಸಿರು ಹಲಗೆ ಕೇಳಿಸಿಕೊಂಡಿದೆಯೋ.
ನನ್ನ ಹತ್ತಿರ ಬರೀ ಮದುವೆ, ತಗಾದೆ ಕಡಿಮೆ
ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಮಗಳಿದ್ದಳು.

ಮನೆಯಲ್ಲಿ ಹಚ್ಚಿದಾಗ ಅದಕ್ಕೆ
ಎರಡು ಸಾವಿರದ ಒಂಬತ್ತನೇ ಇಸವಿ, ಜನವರಿ ಒಂದು.
ದಿನಾಂಕ ತಿದ್ದುವಾಗ ಸೃಜನ ಇಣುಕಿದಳು:
"ನಾನಿನ್ನೂ ಹುಟ್ಟೇ ಇಲ್ಲ ನೋಡು" ಅಂದಳು,
ಮಾತು ಬಿಟ್ಟದ್ದು ಮರೆತು.

ನಾಲ್ಕನೇ ದಿನ ಗೊತ್ತಾಯಿತು,
ರ‍್ಯಾಮಿನ ಎರಡು ಗೂಡಲ್ಲಿ ಒಂದು ಸತ್ತಿದೆ.
ವಾಪಸು ಕೊಡಬಹುದಿತ್ತು, ಇನ್ನೂ ಹನ್ನೊಂದು ದಿನವಿತ್ತು.
ಮಿಕ್ಕ ರ‍್ಯಾಮಿನ ಕಡ್ಡಿಯನ್ನು
ಸೂಜಿದಾರದ ಡಬ್ಬಿಯಲ್ಲಿಟ್ಟೆ, ಗುಂಡಿಗಳ ಜೊತೆ.

ಹಾಲಮ್ಮ ಬಾಗಿಲಲ್ಲಿ ನಿಂತು ಕೇಳಿದಳು,
"ಹೊಸ ತಾಯಿ ಹೆಂಗದಾಳವ್ವ?"
ಒಂದು ಕಿವಿ ಕೇಳಿಸಲ್ಲ ಅಂದೆ.

"ಏನಂದೆ?" ಅಂದಳು ಹಾಲಮ್ಮ.