ಕೊನೆಯ ಹತ್ತು ನಿಮಿಷ

ದಪ್ಪ ಗೈಡು ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡು:
ನಿನಗೆ ಬಾಯಿಪಾಠವಾದ ಒಂದು ಚಿತ್ರ ನೆನೆಸಿಕೋ,
ಅದರ ಪುಟ ತೆಗೆ, ನಿಂತಲ್ಲೇ ಓದು.
ನೀನು ಅತ್ತ ಜಾಗದಲ್ಲಿ ಬರೆದವನು ಆಕಳಿಸಿದ್ದರೆ
ಮುಚ್ಚಿ ಕೆಳಗಿಡು.

ಇದು ನನಗೆ ಹೊಳೆದದ್ದು ಕೊಂಡ ಮೇಲೆ.
ಚಿಕ್ಕಬಳ್ಳಾಪುರದಲ್ಲಿ ಬಸ್ಸಿಗೆ ಕಾಯುತ್ತ,
ಹಳೇ ಪುಸ್ತಕದ ತಳ್ಳುಗಾಡಿಯಲ್ಲಿ
ಇಂಗ್ಲಿಷ್ ಗೈಡು, ಒಂದೂವರೆ ಕೇಜಿ,
ಹದಿನಾರು ಸಾವಿರ ಚಿತ್ರ, ನಾಲ್ಕರವರೆಗೆ ನಕ್ಷತ್ರ.
ತೂಕಕ್ಕೇ ಕೊಟ್ಟ, ನೂರಾ ಇಪ್ಪತ್ತು.
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಚೀಟಿ ಬರೆಯುವವಳು ನಾನು,
ತೂಕದಲ್ಲಿ ಮೋಸಹೋಗುವವಳಲ್ಲ.
ಹೋದದ್ದು ನಕ್ಷತ್ರದಲ್ಲಿ.

ಆ ಕಾಲಕ್ಕೆ ಶಿಡ್ಲಘಟ್ಟಕ್ಕೆಲ್ಲ ಇದ್ದ ಗೈಡು ಒಂದೇ,
ನ್ಯೂ ಸಿತಾರಾ ವಿಡಿಯೋ ಲೈಬ್ರರಿಯ ಇಲಿಯಾಸನ ಲೆಡ್ಜರು.
ಬಾಡಿಗೆ ಐದು. ರಿವೈಂಡ್ ಮಾಡದೆ ತಂದರೆ
ಒಂದು ರೂಪಾಯಿ ದಂಡ.
ಹೆಸರಿನ ಎದುರು ಕೆಂಪು ಶಾಯಿಯ ಒಂದೊಂದು ಸಾಲು:
"ಅತ್ತೆ ಊರಿಗೆ ಹೋದಾಗ."
"ಜ್ವರ ಬಂದವರಿಗೆ ಒಳ್ಳೇದು."
"ಹಾಡು ಓಡಿಸಿ, ಜಗಳ ನೋಡಿ."
"ಎರಡನೇ ಕ್ಯಾಸೆಟ್ ಬೇಡ, ಮೊದಲನೇದರಲ್ಲೇ ಎಲ್ಲಾ ಮುಗಿದಿದೆ."
"ಬುಡನ್ ಸಾಬರಿಗೆ ಕೊಡಬಾರದು, ಎದೆ ವೀಕು."

ಯಾರ ಮನೆಗೆ ಬಣ್ಣದ ಟೀವಿ ಬಂತು,
ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ,
ಎಲ್ಲ ಅವನಿಗೆ ಗೊತ್ತಿರುತ್ತಿತ್ತು.
ಕೇಳಿದ್ದನ್ನು ಹಿಂದಕ್ಕೆ ತಳ್ಳಿ ಬೇರೇದು ಕೊಡೋನು.

ನನಗೆ ಕೊಟ್ಟದ್ದು ರೈಲ್ವೆ ಗೇಟು ಕಾಯುವವನ ಚಿತ್ರ.
ಕಪ್ಪು ಬಿಳುಪು. ದುಬೈಯಿಂದ ಯಾರೋ ತಂದದ್ದು,
ಯಾವ ದೇಶದ ಮಾತೋ, ಬರೀ ಮುಖ ನೋಡಬೇಕು.
ಅದರ ಎದುರು: "ಕೊನೆ ಹತ್ತು ನಿಮಿಷ ಟೇಪು ಸುಕ್ಕು.
ಅಂಗಡಿಗೆ ಬನ್ನಿ, ಹೇಳ್ತೀನಿ."

ಹೋದೆ. ಅಪ್ಪನ ರೀಲಿಂಗ್ ಒಲೆಯ ಮುಂದೆ
ದಿನವಿಡೀ ಕುದಿನೀರಲ್ಲಿ ಗೂಡಿನ ತುದಿ ಹುಡುಕಿ
ಬೆಳ್ಳಗೆ ಮುದುಡಿದ ಬೆರಳು,
ಮೈಯೆಲ್ಲ ಹುಳದ ವಾಸನೆ.
"ಮಗಳು ರೈಲು ಹತ್ತಿ ಹೋಗ್ತಾಳೆ," ಅಂದ,
"ಮುಂದಿನ ಸ್ಟೇಷನ್ನಲ್ಲಿ ಇಳಿದು
ಹಳಿಯ ಮೇಲೇ ನಡೆದು ವಾಪಸ್ ಬರ್ತಾಳೆ.
ಅಪ್ಪ ದೂರದಿಂದ ನೋಡ್ತಾನೆ.
ನೋಡಿ, ರೈಲಿಗೆ ಹಾಕೋ ಹಂಗೆ ಗೇಟು ಹಾಕ್ತಾನೆ,
ಲಾರಿ, ಬಂಡಿ, ಪೊಲೀಸ್ ಜೀಪು, ಎಲ್ಲಾ ನಿಲ್ಲಿಸಿ,
ಅವಳೊಬ್ಬಳು ದಾಟಲಿ ಅಂತ."
ಹೇಳುತ್ತ ಅವನ ಬಲಗೈ
ಗೇಟಿನ ಕಂಬದಂತೆ ನಿಧಾನಕ್ಕೆ ಇಳಿಯಿತು.

ಹೋದ ತಿಂಗಳು ಅದರ ಡಿಸ್ಕ್ ಸಿಕ್ಕಿತು,
ನನ್ನ ಬೀರುವಿನಲ್ಲಿ ಮುನ್ನೂರ ಹನ್ನೆರಡನೆಯದು.
ಗೈಡು ತೆಗೆದೆ: "ಎರಡು ನಕ್ಷತ್ರ. ನಿಧಾನ.
ತೊಂಬತ್ತೆಂಟು ನಿಮಿಷ."
ನಿಮಿಷದ ಲೆಕ್ಕ ಸರಿ ಇತ್ತು, ಒಪ್ಪಬೇಕು.
ಕೊನೆಯಲ್ಲಿ ಮಗಳು ರೈಲು ಹತ್ತುತ್ತಾಳೆ.
ಅಪ್ಪ ಹಸಿರು ಬಾವುಟ ತೋರಿಸುತ್ತಾನೆ.
ಧೂಳು. ಒಂದು ಮೇಕೆ ಹಳಿ ದಾಟುತ್ತದೆ.
ಅಷ್ಟೆ.

ಮುನಿರತ್ನಮ್ಮನಿಗೆ ಫೋನು ಮಾಡಿದೆ.
"ಥೂ, ರೈಲೇ ಬರಲ್ಲ ಕಣೆ! ರದ್ದಾಯ್ತು ಅಂತ
ಗೇಟಿಗೆ ಸುದ್ದಿ ಬರುತ್ತೆ. ಇಲಿಯಾಸೇ ಹೇಳಿದ್ದ."
ಅವಳನ್ನು ಒಪ್ಪಿಗೆ ಕೇಳದೆ
ಸೋಲಾಪುರಕ್ಕೆ ಕೊಟ್ಟ ವರ್ಷ ಅದು.
ನಾನು ಮನೆ ಬಿಟ್ಟು ಹೋಗಿ
ಹದಿನೇಳನೇ ದಿನ ಹಿಂದಿರುಗಿದ್ದೆ.
ಅಪ್ಪ ಒಲೆಗೆ ಸೌದೆ ಇಡು ಅಂದದ್ದು ಬಿಟ್ಟರೆ
ಮಾತಾಡಿರಲಿಲ್ಲ.

ಟೇಪು ದುಬೈಯಿಂದ ಬರುವಾಗಲೇ ಸುಕ್ಕಾಗಿತ್ತಂತೆ,
ಅವನೂ ಕೊನೆ ನೋಡಿರಲಿಲ್ಲವಂತೆ.
ಈಗ ಅಲ್ಲಿ ಮೊಬೈಲ್ ರೀಚಾರ್ಜು. ಅವನ ಮಗ ಹೇಳಿದ.
ಲೆಡ್ಜರು ರದ್ದಿಗೆ ಹೋಗಿ ಆರು ವರ್ಷ;
ತೂಕ ಎಷ್ಟು ಬಂತು ಅಂತ ಕೇಳಿದೆ,
ಅವನಿಗೆ ನೆನಪಿಲ್ಲ.

ಮೊನ್ನೆ ಪಕ್ಕದ ಮನೆಯ ಸುಗುಣ
ಏನಾದರೂ ನೋಡೋಕೆ ಕೊಡಿ ಆಂಟಿ ಅಂದಳು.
ಕಣ್ಣು ಊದಿತ್ತು. ಕೇಳಲಿಲ್ಲ.
ಗೇಟಿನವನನ್ನೇ ತೆಗೆದುಕೊಟ್ಟೆ.
"ಕೊನೆಯಲ್ಲಿ ಗೀರಿದೆ," ಅಂದೆ, "ಹತ್ತು ನಿಮಿಷ ಓಡಲ್ಲ.
ಅಲ್ಲಿಗೆ ನಿಲ್ಲಿಸಿ ಬಾ, ಹೇಳ್ತೀನಿ."

ಗೀರಿಲ್ಲ.
ಸಂಜೆಯಿಂದ ಅವಳ ಮನೆಯ ಟೀವಿ ಸದ್ದು
ಗೋಡೆಯಾಚೆ ಕೇಳುತ್ತಿದೆ,
ಏನು ಹೇಳುವುದೋ ಇನ್ನೂ ತೋಚಿಲ್ಲ.